ಅಧ್ಯಕ್ಷ ಸ್ಥಾನಕ್ಕೆ ಯಾರೂ ಓಡಲ್ಲ ಸಾರ್, ನಿಲ್ತಾರೆ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಿನ ವಿದೇಶ ಪುಟದಲ್ಲಿ ಒಂದು ಹೆಡ್ಡಿಂಗ್ ಇತ್ತು, 'ಅಧ್ಯಕ್ಷ ಸ್ಥಾನಕ್ಕೆ ಎರಡನೇ ಬಾರಿ ಓಡುತ್ತಿರುವ ಮಾಜಿ ಸಚಿವೆ' ಅಂತ. ನಾನು ಯಾವುದೋ ಮ್ಯಾರಥಾನ್ ಸುದ್ದಿ ಇರ್ಬೇಕು, ಅಧ್ಯಕ್ಷರ ಹೆಸರಲ್ಲಿ ಕಪ್ಪು ಗಿಪ್ಪು ಕೊಡ್ತಾರೇನೋ ಅನ್ಕೊಂಡು ಕೆಳಗೆ ಓದ್ತಾ ಹೋದ್ರೆ ಎಲ್ಲೂ ಟ್ರ್ಯಾಕೂ ಇಲ್ಲ ಶೂನೂ ಇಲ್ಲ, ಬರೀ ಮತ, ಪಕ್ಷ, ಪ್ರಚಾರ. ಆಮೇಲೆ ಅರ್ಥ ಆಯ್ತು, ಆಯಮ್ಮ ಚುನಾವಣೆಗೆ ನಿಂತಿದ್ದಾರೆ. ನಿಂತಿರೋರನ್ನ ಓಡಿಸಿಬಿಟ್ಟಿದ್ದೀರಲ್ಲ ಸಾರ್. ಸಾಲದು ಅಂತ ಮೂರನೇ ಪ್ಯಾರಾದಲ್ಲಿ 'ಈ ಕುರಿತು ಅಲ್ಲಿನ ಪತ್ರಿಕೆಯೊಂದು ಕಥೆಯನ್ನು ಓಡಿಸಿದೆ' ಅಂತ ಬೇರೆ, ಕೊನೇಲಿ ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿರೋರಿಗೆ 'ಓಟದ ಜೊತೆಗಾರ' ಅಂತ. ಒಂದೇ ಸುದ್ದೀಲಿ ಮೂರು ಜನ ಓಡಿ ಸುಸ್ತಾದ್ರು.

ನಗೋದಕ್ಕೆ ಬರೀತಿಲ್ಲ, ಸ್ವಲ್ಪ ನಕ್ಕೆ ಅನ್ನೋದು ಬೇರೆ ಮಾತು. ಇಂಗ್ಲಿಷಲ್ಲಿ ಚುನಾವಣೆಗೆ ನಿಲ್ಲೋದೂ 'ರನ್', ಸುದ್ದಿ ಪ್ರಕಟಿಸೋದೂ 'ರನ್', ಹಂಗಾಗಿ ಇದರಲ್ಲಿ ನಿಮ್ಮ ಡೆಸ್ಕಿನೋರದ್ದು ಎಷ್ಟು ತಪ್ಪೋ ಆ ಪದದ್ದೂ ಅಷ್ಟೇ ಇದೆ. ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು ರನ್ ಅಂದ್ರೆ ಓಡು ಅಂತ, ಅದಕ್ಕೇ ಯಾರೂ ಆ ಪದಕ್ಕೆ ಡಿಕ್ಷನರಿ ತೆಗೆಯಲ್ಲ. ಉದ್ದುದ್ದ ಪದ ಬಂದ್ರೆ ಎಲ್ರೂ ಹುಷಾರಾಗ್ತಾರೆ, ಪಕ್ಕದೋರನ್ನ ಕೇಳ್ತಾರೆ, ಹುಡುಕ್ತಾರೆ, ಆದ್ರೆ ನಾವು ಜಾರಿ ಬೀಳೋದೆಲ್ಲ ಈ ಮೂರಕ್ಷರದ ಪದಗಳಲ್ಲೇ.

ಡಿಕ್ಷನರಿ ಮಾತು ಬಂತಲ್ಲ, ಅದನ್ನೂ ಹೇಳ್ಬಿಡ್ತೀನಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಮೊದಲ ಕಂತು ಬಂದಿದ್ದು 1884ರಲ್ಲಿ, ಕೊನೆ ಮುಟ್ಟಿದ್ದು 1928ರಲ್ಲಿ. 1989ರಲ್ಲಿ ಅದರ ಎರಡನೇ ಆವೃತ್ತಿ 20 ಸಂಪುಟಗಳಲ್ಲಿ ಬಂದಾಗ ಅತೀ ಉದ್ದದ ವಿವರಣೆ ಇದ್ದಿದ್ದು 'ಸೆಟ್' ಅನ್ನೋ ಕ್ರಿಯಾಪದಕ್ಕೆ, ಹತ್ರ ಹತ್ರ 60,000 ಪದ, ಅಂದ್ರೆ ಆ ಒಂದು ಪದಕ್ಕೇ ಒಂದು ಸಣ್ಣ ಕಾದಂಬರಿ ಬರೆದಂಗೆ. ಆಮೇಲೆ ಮೂರನೇ ಆವೃತ್ತಿಗೆ ಅಂತ ಎಂ ಅಕ್ಷರದಿಂದ ತಿದ್ದೋಕೆ ಶುರು ಮಾಡಿದ್ರು. 2000ದಲ್ಲಿ 'ಮೇಕ್' ಮುಂದೆ ಹೋಯ್ತು, 2007ರಲ್ಲಿ 'ಪುಟ್', 2011ರಲ್ಲಿ ಇವರೆಲ್ಲರನ್ನೂ ಹಿಂದೆ ಹಾಕಿದ್ದು ನಮ್ಮ ಈ 'ರನ್', ಬರೀ ಕ್ರಿಯಾಪದಕ್ಕೇ 645 ಅರ್ಥ. ಪೀಟರ್ ಗಿಲಿವರ್ ಅನ್ನೋ ಸಂಪಾದಕರು ಈ ಒಂದು ಪದದ ಮುಂದೆ ಒಂಬತ್ತು ತಿಂಗಳು ಕೂತಿದ್ರು. ಅವರಿಗೇ ಒಂಬತ್ತು ತಿಂಗಳು ಹಿಡಿದ ಪದಕ್ಕೆ ರಾತ್ರಿ ಪುಟ ಕಟ್ಟೋ ಹೊತ್ತಲ್ಲಿ ನಿಮ್ಮ ಡೆಸ್ಕಿನ ಹುಡುಗ ಎಷ್ಟು ಸೆಕೆಂಡ್ ಕೊಡ್ತಾನೆ ಹೇಳಿ.

ನಾನೂ ಇದೇ ಕಸುಬಿನೋನು. ಪೇಪರ್ ಅಲ್ಲ, ಸಾಫ್ಟ್‌ವೇರುಗಳ ಸ್ಕ್ರೀನ್ ಮೇಲೆ ಬರೋ ಪದಗಳನ್ನ ಕನ್ನಡಕ್ಕೆ ಮಾಡೋ ಕೆಲಸ. ನಮಗೆ ಬರೋದು ಒಂದು ಎಕ್ಸೆಲ್ ಶೀಟು, ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ, ಒಂದೊಂದು ಸಾಲಿಗೆ ಒಂದೊಂದು ಪದ, ಅದು ಸ್ಕ್ರೀನಿನ ಯಾವ ಮೂಲೇಲಿ ಕೂರುತ್ತೆ ಅಂತ ಯಾರೂ ಹೇಳಲ್ಲ. ಒಂದ್ಸಲ ಫ್ಯಾಕ್ಟರಿ ಮಷೀನಿನ ಸಾಫ್ಟ್‌ವೇರ್ ಬಂತು, ಅದರಲ್ಲಿ ಮೂರು ಕಡೆ ಬರೀ 'ರನ್' ಅಂತ ಇತ್ತು. ಇದು ನಾಮಪದವೋ ಕ್ರಿಯಾಪದವೋ ಅಂತ ಮೇಲ್ ಹಾಕಿದೆ, 'ಜಸ್ಟ್ ರನ್' ಅಂತ ಉತ್ತರ ಬಂತು. ಸರಿ, ಕಂಪ್ಯೂಟರ್ ಕನ್ನಡದಲ್ಲಿ ರೂಢಿ ಇರೋ ಹಂಗೆ ಮೂರಕ್ಕೂ 'ಚಲಾಯಿಸಿ' ಅಂತ ಹಾಕಿ ಕೈ ತೊಳ್ಕೊಂಡೆ.

ತಿಂಗಳಾದ್ಮೇಲೆ ಅಲ್ಲಿನ ಆಪರೇಟರ್ ಒಬ್ರು ಫೋನ್ ಮಾಡಿದ್ರು. 'ಸಾರ್, ಮಷೀನ್ ಆಗ್ಲೇ ಓಡ್ತಾ ಇದೆ, ಆದ್ರೂ ಹಸಿರು ದೀಪದ ಕೆಳಗೆ ಚಲಾಯಿಸಿ ಚಲಾಯಿಸಿ ಅಂತ ಉರೀತಾನೇ ಇದೆ, ಇನ್ನೆಷ್ಟು ಚಲಾಯಿಸ್ಲಿ?' ನೋಡಿದ್ರೆ ಮೂರರಲ್ಲಿ ಒಂದು ಮಾತ್ರ ಬಟನ್ನು. ಎರಡನೇದು ದೀಪದ ಕೆಳಗಿನ ಪಟ್ಟಿ, ಮಷೀನ್ ಓಡ್ತಿದೆ ಅಂತ ತೋರಿಸೋಕೆ. ಮೂರನೇದು ಒಂದು ಟೇಬಲ್ಲಿನ ತಲೆಬರಹ, ಅಲ್ಲಿ ರನ್ ಅಂದ್ರೆ ಒಂದು ಸಲಕ್ಕೆ ತೆಗೆಯೋ ಮಾಲು, ಅವರು ದಿನಾ ಬಾಯಲ್ಲಿ ಬ್ಯಾಚ್ ಅಂತಾರಲ್ಲ ಅದು. ನನ್ನ ದಯೆಯಿಂದ ಅದು 'ಚಲಾಯಿಸಿ ಸಂಖ್ಯೆ 14' ಅಂತ ಆಗಿತ್ತು. ತಮಾಷೆ ಏನಂದ್ರೆ 'ಓಡುತ್ತಿದೆ' ಅಂತ ಹಾಕಬೇಕಿದ್ದ ಒಂದೇ ಒಂದು ಜಾಗ ಅದು, ಆ ದೀಪದ ಕೆಳಗೆ, ಅಲ್ಲಿ ನಾನು ಹಾಕ್ಲಿಲ್ಲ. ನಿಮ್ಮೋರು ಓಡಬಾರದ ಕಡೆ ಓಡ್ಸಿದ್ರು, ನಾನು ಓಡ್ತಿರೋದನ್ನ ಓಡ್ತಿದೆ ಅನ್ಲಿಲ್ಲ. ಹಂಗಾಗಿ ಈ ಕಾಗದ ಬೈಯೋಕೆ ಬರೆದಿದ್ದು ಅಂತ ಅನ್ಕೋಬೇಡಿ.

ಆ ಫೋನ್ ಬಂದಮೇಲೆ ನನಗೆ ಒಂದು ಅಭ್ಯಾಸ ಬಂತು. ರನ್ ಕಂಡ ತಕ್ಷಣ ಅದರ ಅರ್ಥ ಹುಡುಕೋಕೆ ಹೋಗಲ್ಲ, ಅದರ ಅಕ್ಕಪಕ್ಕ ಯಾರಿದ್ದಾರೆ ಅಂತ ನೋಡ್ತೀನಿ. ಮನುಷ್ಯನಾ, ನೀರಾ, ಮಷೀನಾ, ಆಫೀಸಾ, ಕಾಲವಾ. ಮನುಷ್ಯ ಕಾಲಲ್ಲಿ ಓಡ್ತಿದ್ರೆ ಓಡಲಿ. ಆಫೀಸಾದ್ರೆ? ಇಂಗ್ಲಿಷಿನೋರು ಕಂಪನಿ ರನ್ ಮಾಡ್ತಾರೆ, ಸ್ಕೂಲ್ ರನ್ ಮಾಡ್ತಾರೆ, ದೇಶಾನೂ ರನ್ ಮಾಡ್ತಾರೆ. ನಾವು ಏನ್ ಮಾಡ್ತೀವಿ? ನಡೆಸ್ತೀವಿ! ಕಂಪನಿ ನಡೆಸ್ತೀವಿ, ಶಾಲೆ ನಡೆಸ್ತೀವಿ, ಸಂಸಾರ ನಡೆಸ್ತೀವಿ, ಸರ್ಕಾರ ನಡೆಸ್ತೀವಿ. ಅವರು ಓಡಿಸೋದನ್ನೆಲ್ಲ ನಾವು ನಿಧಾನಕ್ಕೆ ನಡೆಸ್ಕೊಂಡು ಹೋಗ್ತೀವಿ. ಇದು ನನಗೆ ಹೊಳೆದ ದಿನ ನಾನು ಒಬ್ಬನೇ ಕೂತು ನಕ್ಕಿದ್ದೆ. ಯೋಚನೆ ಮಾಡಿ, ಕನ್ನಡದಲ್ಲಿ ಸಭೆ ನಡೆಯುತ್ತೆ, ಜಗಳ ನಡೆಯುತ್ತೆ, ಪರೀಕ್ಷೆ ನಡೆಯುತ್ತೆ, ಕೊಲೇನೂ ನಡೆಯುತ್ತೆ. ಫ್ರೆಂಚರೂ ಈ ವಿಷಯದಲ್ಲಿ ನಮ್ಮ ಕಡೆ, ಅವರ ಮಷೀನುಗಳು 'ಮಾರ್ಶ್' ಮಾಡ್ತವೆ, ಅಂದ್ರೆ ನಡೀತವೆ, ಕೆಲಸ ಸರಿಹೋದ್ರೂ ನಡೀತದೆ ಅಂತಾನೇ ಅಂತಾರೆ. ಜರ್ಮನ್ನರು ಇಂಗ್ಲಿಷಿನೋರ ಥರ ಓಡಿಸೋ ಪೈಕಿ.

ಚುನಾವಣೆ ವಿಷಯದಲ್ಲಿ ಇನ್ನೂ ಮಜಾ ಇದೆ. ಅಮೆರಿಕದಲ್ಲಿ ಅಭ್ಯರ್ಥಿ ರನ್ ಆಗ್ತಾನೆ, ಆದ್ರೆ ಅದೇ ಇಂಗ್ಲಿಷ್ ಮಾತಾಡೋ ಬ್ರಿಟನ್ನಲ್ಲಿ ಅಭ್ಯರ್ಥಿ ಸ್ಟ್ಯಾಂಡ್ ಆಗ್ತಾನೆ, ಥೇಟ್ ನಮ್ಮ ಥರ ನಿಲ್ತಾನೆ. ನಮ್ಮ ಭಾಷೇಲಂತೂ ಚುನಾವಣೆ ನಡೆಯುತ್ತೆ, ಅಭ್ಯರ್ಥಿ ನಿಲ್ತಾರೆ, ಗೆದ್ದೋರು ಕೂರ್ತಾರೆ, ಓಡೋರು ಅಂತ ಯಾರೂ ಇಲ್ಲವೇ ಇಲ್ಲ. ನಿಮ್ಮೋರು 'ಓಟದ ಜೊತೆಗಾರ' ಮಾಡಿದ ಆ 'ರನ್ನಿಂಗ್ ಮೇಟ್' ಅನ್ನೋ ಮಾತು ಬಂದಿದ್ದು ಕುದುರೆ ರೇಸಿಂದ, ಮುಖ್ಯ ಕುದುರೆಗೆ ವೇಗ ಹಿಡಿಸೋಕೆ ಅಂತ ಜೊತೇಲಿ ಓಡಿಸ್ತಿದ್ದ ಇನ್ನೊಂದು ಕುದುರೆ. ಹಂಗಾಗಿ ಅಲ್ಲಿ ಮೂಲದಲ್ಲಿ ಓಟ ಇರೋದು ನಿಜ. ಆದ್ರೆ ಅಮೆರಿಕದೋರಿಗೇ ಈಗ ಆ ಕುದುರೆ ನೆನಪಿಲ್ಲ, ನಾವ್ಯಾಕೆ ಅದನ್ನ ಇಲ್ಲಿ ತಂದು ಕಟ್ಬೇಕು, 'ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ' ಅಂತ ಬರೆದ್ರೆ ಮುಗೀತಲ್ಲ.

ಈಗ ನೀರಿನ ವಿಷಯಕ್ಕೆ ಬರ್ತೀನಿ, ನನಗೆ ತುಂಬಾ ಇಷ್ಟವಾದ ಭಾಗ ಇದು. ನದಿ ರನ್ ಆಗುತ್ತೆ, ನಲ್ಲಿ ರನ್ ಆಗುತ್ತೆ, ಮೂಗೂ ರನ್ ಆಗುತ್ತೆ. ಓಡೋದು ಅನ್ನೋ ಅರ್ಥ ಮೊದಲು, ನೀರಿಗೆ ಆಮೇಲೆ ಕವಿತೆ ಥರ ಅಂಟಿಸಿದ್ದಾರೆ ಅಂತ ನಾನು ಬಹಳ ದಿನ ನಂಬಿದ್ದೆ. ಹಂಗಲ್ಲ. ಹಳೇ ಇಂಗ್ಲಿಷಿನ 'ರಿನ್ನನ್' ಅನ್ನೋ ಪದದಲ್ಲಿ ಹರಿಯೋದೂ ಇತ್ತು, ಅದರ ಜರ್ಮನ್ ದಾಯಾದಿಗಳು ಇವತ್ತಿಗೂ ಬೇರೆ ಬೇರೆ ಮನೆ ಮಾಡ್ಕೊಂಡಿವೆ, 'ರಿನ್ನನ್' ಅಂದ್ರೆ ಹರಿ, 'ರೆನ್ನನ್' ಅಂದ್ರೆ ಓಡು. ಇಂಗ್ಲಿಷಲ್ಲಿ ಮಾತ್ರ ಎಲ್ಲ ಒಂದೇ ಸೂರಿನಡಿ ಸೇರ್ಕೊಂಡವು. ಅಂದ್ರೆ ರನ್‌ನಲ್ಲಿ ಅರ್ಧ ಓಡು, ಅರ್ಧ ಹರಿ.

ಇದನ್ನ ತಿಳ್ಕೊಂಡಮೇಲೆ ನಮ್ಮ 'ಹರಿ'ಯನ್ನ ಒಂದ್ಸಲ ಪಕ್ಕದಲ್ಲಿಟ್ಟು ನೋಡಿ. ನದಿ ಹರಿಯುತ್ತೆ, ಸರಿ. ನಿಮ್ಮದೇ ಪೇಪರಲ್ಲಿ ವಾರಕ್ಕೆ ನಾಲ್ಕು ಸಲ ಬರುತ್ತೆ, 'ಲಾರಿ ಹರಿದು ಬೈಕ್ ಸವಾರ ಸಾವು'. ಇಂಗ್ಲಿಷಲ್ಲಿ ಅದೇನು? ರನ್ ಓವರ್! ಕಾಲಿಗೆ ಹಾಕೋ ತೆಳು ಉದ್ದದ ಸ್ಟಾಕಿಂಗ್ಸ್ ಇರುತ್ತಲ್ಲ, ಅದರಲ್ಲಿ ಒಂದು ಎಳೆ ಬಿಚ್ಕೊಂಡು ಮೇಲಿಂದ ಕೆಳಗಿನವರೆಗೂ ಗೀಟು ಬಿದ್ದಂಗೆ ಆದ್ರೆ ಅದನ್ನ ಅಮೆರಿಕದೋರು 'ರನ್' ಅಂತಾರೆ, ನಾವೂ ಬಟ್ಟೆ ಹರೀತು ಅಂತೀವಿ. ಅಪ್ಪನ ಸಿಟ್ಟು ಮಗನಿಗೂ ಬಂದ್ರೆ ಅವರಲ್ಲಿ ಅದು ಫ್ಯಾಮಿಲೀಲಿ ರನ್ ಆಗುತ್ತೆ, ನಮ್ಮಲ್ಲಿ ರಕ್ತದಲ್ಲೇ ಹರಿದು ಬಂದಿರುತ್ತೆ. ಈ ಎರಡು ಪದಕ್ಕೂ ಹುಟ್ಟಿನ ಸಂಬಂಧ ಏನೂ ಇಲ್ಲ, ಯಾವ ಕಾಲಕ್ಕೂ ಒಬ್ಬರ ಮುಖ ಒಬ್ಬರು ನೋಡಿದೋರಲ್ಲ, ಆದ್ರೂ ಅಷ್ಟು ದೂರದಲ್ಲಿ ಕೂತು ಒಂದೇ ಥರದ ದಾರಿ ಹಿಡಿದಿವೆ. ಲಾರಿ ಸುದ್ದಿ ಬರೆಯೋ ನಿಮ್ಮ ವರದಿಗಾರನಿಗೆ ಇದು ಬಾಯಿಪಾಠ, ಯಾಕಂದ್ರೆ ಅವನು ಕನ್ನಡದಲ್ಲೇ ನೋಡಿ ಕನ್ನಡದಲ್ಲೇ ಬರೀತಾನೆ. ಎದುರಿಗೆ ಇಂಗ್ಲಿಷ್ ಏಜೆನ್ಸಿ ಕಾಪಿ ಇಟ್ಕೊಂಡು ಕೂತ ತಕ್ಷಣ ಅದೇ ಮನುಷ್ಯನಿಗೆ ಹರಿಯೋದೂ ಮರೆತುಹೋಗುತ್ತೆ ನಿಲ್ಲೋದೂ ಮರೆತುಹೋಗುತ್ತೆ, ಓಡು ಒಂದೇ ನೆನಪಿರುತ್ತೆ. ನನ್ನ ತಕರಾರು ಇರೋದು ಇಷ್ಟಕ್ಕೇ.

ಇನ್ನು ಬಾಲಗಳು. ರನ್ ಒಂದೇ ಬಂದ್ರೆ ಹೆಂಗೋ ಸಂಭಾಳಿಸಬಹುದು, ಅದಕ್ಕೆ ಔಟ್, ಓವರ್, ಇನ್ಟು, ಡೌನ್, ಅಪ್ ಅಂತ ಬಾಲ ಸೇರಿದ್ರೆ ಒಂದೊಂದೂ ಬೇರೆ ಪ್ರಾಣಿ. ರನ್ ಔಟ್ ಅಂದ್ರೆ ನಮಗೆ ಬೇಲ್ಸ್ ಹಾರಿದ್ದೇ ಕಣ್ಣಿಗೆ ಬರುತ್ತೆ, ಆದ್ರೆ ಆಸ್ಪತ್ರೇಲಿ ಔಷಧಿ ರನ್ ಔಟ್ ಆದ್ರೆ ಖಾಲಿ ಆಗಿದೆ ಅಂತ, ಪಾಸ್‌ಪೋರ್ಟ್ ರನ್ ಔಟ್ ಆದ್ರೆ ಅವಧಿ ಮುಗಿದಿದೆ ಅಂತ, ರೂಮಿಂದ ರನ್ ಔಟ್ ಆದ್ರೆ ಮಾತ್ರ ನಿಜವಾಗ್ಲೂ ಓಡಿ ಹೊರಗೆ ಬಂದ ಅಂತ. ರನ್ ಇನ್ಟು ಅಂದ್ರೆ ಹಳೇ ಸ್ನೇಹಿತ ದಾರೀಲಿ ಅಚಾನಕ್ಕಾಗಿ ಸಿಕ್ಕಿದ್ದೂ ಹೌದು, ಕಾರು ಹೋಗಿ ಗೋಡೆಗೆ ಗುದ್ದಿದ್ದೂ ಹೌದು, ಖರ್ಚು ಕೋಟಿಗಳ ಲೆಕ್ಕಕ್ಕೆ ಹೋಗಿದ್ದೂ ಹೌದು. ಮೀಟಿಂಗ್ ರನ್ ಓವರ್ ಆದ್ರೆ ಯಾರೂ ಸಾಯಲ್ಲ, ಟೈಮ್ ಮೀರಿದೆ ಅಷ್ಟೇ. ಬ್ಯಾಟರಿ ರನ್ ಡೌನ್ ಆಗುತ್ತೆ, ಮನುಷ್ಯನೂ ಆಗ್ತಾನೆ, ಹಳೇ ಕಟ್ಟಡಾನೂ ಆಗುತ್ತೆ, ಒಬ್ಬರ ಬೆನ್ನ ಹಿಂದೆ ಅವರನ್ನ ಕೀಳಾಗಿ ಆಡ್ಕೊಳ್ಳೋದೂ ರನ್ ಡೌನೇ. ಬೌಲರ್ ರನ್ ಅಪ್ ತಗೋತಾನೆ, ನಾವು ಸಾಲ ರನ್ ಅಪ್ ಮಾಡ್ತೀವಿ, ಚುನಾವಣೆಗೆ ಮುಂಚಿನ ದಿನಗಳೂ ರನ್ ಅಪ್. 'ದಿ ರನ್ಸ್' ಅಂತ ಯಾರಾದ್ರೂ ಹೇಳಿದ್ರೆ ಎಷ್ಟು ರನ್ ಅಂತ ಕೇಳೋಕೆ ಹೋಗ್ಬೇಡಿ, ಪಾಪ ಅವರಿಗೆ ಭೇದಿ ಆಗ್ತಿದೆ.

ಕ್ರಿಕೆಟ್ಟಿನ ರನ್ ಬಗ್ಗೆ ನಾವು ಯಾವತ್ತೂ ಯೋಚನೆ ಮಾಡಿರಲ್ಲ ಅನ್ಸುತ್ತೆ. ಬಾಲ್ ಬೌಂಡ್ರಿ ದಾಟಿದ್ರೆ ಇಬ್ರೂ ಬ್ಯಾಟ್ಸ್‌ಮನ್ನು ಒಂದು ಹೆಜ್ಜೆ ಇಡಬೇಕಾಗಿಲ್ಲ, ನಿಂತಲ್ಲೇ ನಿಂತು ಗ್ಲೌಸ್ ಸರಿ ಮಾಡ್ಕೋತಾರೆ, ಆದ್ರೂ ಲೆಕ್ಕದಲ್ಲಿ ನಾಲ್ಕು 'ರನ್'. ಓಡದೇ ಓಟ ಬಂತು. ಪದ ಯಾವಾಗ್ಲೋ ಕಾಲು ಬಿಟ್ಟು ಲೆಕ್ಕದ ಪುಸ್ತಕಕ್ಕೆ ಹೋಗಿ ಕೂತಿದೆ.

ಬ್ಯಾಂಕ್ ರನ್ನೂ ಹಂಗೇ. ಹಿಂದೆ ಬ್ಯಾಂಕ್ ಮುಳುಗುತ್ತೆ ಅಂತ ಗಾಳಿಸುದ್ದಿ ಹಬ್ಬಿದ್ರೆ ಜನ ನಿಜವಾಗ್ಲೂ ಬಿದ್ದೂ ಎದ್ದೂ ಓಡಿ ಹೋಗಿ ಬಾಗಿಲ ಮುಂದೆ ಕ್ಯೂ ನಿಲ್ತಿದ್ರು, ದುಡ್ಡು ವಾಪಸ್ ಕೊಡಿ ಅಂತ. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿಂದ ಒಂದೇ ದಿನಕ್ಕೆ 42 ಬಿಲಿಯನ್ ಡಾಲರ್ ತೆಗೀಬೇಕು ಅಂತ ಗಿರಾಕಿಗಳು ಮುಗಿಬಿದ್ರು, ಮಾರನೇ ದಿನಾನೇ ಬ್ಯಾಂಕು ಬಾಗಿಲು ಹಾಕ್ತು. ಅದರಲ್ಲಿ ಹೆಚ್ಚಿನೋರು ಕೂತ ಜಾಗದಿಂದ ಏಳ್ಲಿಲ್ಲ, ಫೋನಲ್ಲಿ ಲ್ಯಾಪ್‌ಟಾಪಲ್ಲಿ ಬೆರಳು ಒತ್ತಿದ್ರು ಅಷ್ಟೇ, ಆದ್ರೂ ಅದು ರನ್ನೇ. ಆ ಟೈಮಲ್ಲಿ ನಾನು ಎಲ್ಲೋ ಒಂದು ಕಡೆ 'ಬ್ಯಾಂಕ್ ಓಟ' ಅಂತ ಓದಿದೆ, ಬ್ಯಾಂಕೇ ದುಡ್ಡು ತಗೊಂಡು ಓಡಿಹೋಯ್ತೇನೋ ಅನ್ನೋ ಹಂಗಿತ್ತು. 'ಠೇವಣಿ ವಾಪಸಿಗೆ ಮುಗಿಬಿದ್ದ ಗ್ರಾಹಕರು' ಅಂದಿದ್ರೆ ಯಾರಿಗೆ ಅರ್ಥ ಆಗ್ತಿರ್ಲಿಲ್ಲ? ಮುಗಿಬೀಳೋದು ಅನ್ನೋ ಎಷ್ಟು ಒಳ್ಳೇ ಪದ ಇದೆ ನಮ್ಮತ್ರ, ಅದರಲ್ಲಿ ಗಾಬರಿನೂ ಇದೆ ನೂಕುನುಗ್ಗಲೂ ಇದೆ.

ಇಷ್ಟೊಂದು ಅರ್ಥ ಹೆಂಗೆ ಹುಟ್ಕೊಂಡ್ವು ಅಂತ ಕೇಳಿದ್ರೆ, ಒಂದು ಕಾರಣ ಬಳಕೆ. ಜಾರ್ಜ್ ಜಿಫ್ ಅನ್ನೋ ಅಮೆರಿಕದ ಭಾಷಾತಜ್ಞರು 1945ರಲ್ಲೇ ತೋರಿಸಿದ್ರು, ಯಾವ ಪದ ಜನ ಹೆಚ್ಚು ಬಳಸ್ತಾರೋ ಅದಕ್ಕೆ ಅರ್ಥಾನೂ ಹೆಚ್ಚು ಅಂತ. ಕೈಗೆ ಸಿಗೋ ಹತ್ಯಾರನ್ನೇ ಎಲ್ಲದಕ್ಕೂ ಬಳಸೋದಲ್ವಾ ಮನುಷ್ಯ, ಸ್ಕ್ರೂಡ್ರೈವರಲ್ಲೇ ಡಬ್ಬಿ ಮುಚ್ಚಳಾನೂ ಮೀಟ್ತಾನೆ. ಇನ್ನೊಂದು ಕಾರಣ ಮಷೀನುಗಳು. ಉಗಿ ಎಂಜಿನ್ ಬಂತು, ರೈಲು ಬಂತು, ಮಗ್ಗ, ಅಚ್ಚಿನ ಯಂತ್ರ, ಕೊನೆಗೆ ಕಂಪ್ಯೂಟರ್, ಹೊಸದು ಬಂದಾಗೆಲ್ಲ ಹೊಸ ಕ್ರಿಯಾಪದ ಹುಟ್ಟಿಸೋ ಬದಲು ಇದೂ ರನ್ ಆಗ್ಲಿ ಬಿಡು ಅಂದ್ರು. ನಮ್ಮ 'ಹೊಡಿ' ನೋಡಿ, ಬಣ್ಣ ಹೊಡೀತಾರೆ, ನಿದ್ದೆ ಹೊಡೀತಾರೆ, ಸಿಳ್ಳೆ ಹೊಡೀತಾರೆ, ಕಣ್ಣು ಹೊಡೀತಾರೆ, ಈಜು ಹೊಡೀತಾರೆ, ಚಳಿಗೆ ನಡುಕ ಹೊಡೆಯುತ್ತೆ, ಕೆಟ್ಟ ವಾಸನೆ ಮೂಗಿಗೆ ಹೊಡೆಯುತ್ತೆ, ಇಷ್ಟರಲ್ಲಿ ಒಬ್ಬರಿಗೂ ಏಟು ಬಿದ್ದಿಲ್ಲ. ನಾಳೆ ಯಾರಾದ್ರೂ ಇಂಗ್ಲಿಷಿನೋರು 'ಅವನು ಚೆನ್ನಾಗಿ ನಿದ್ದೆ ಹೊಡೆದ' ಅನ್ನೋದನ್ನ ನಿದ್ದೆಗೆ ಬಾರಿಸಿದ ಅಂತ ಅನುವಾದ ಮಾಡಿದ್ರೆ ನಾವು ನಗಲ್ವಾ, ಅವರ ರನ್‌ಗೆ ನಾವು ಮಾಡ್ತಿರೋದೂ ಅದೇ.

ನಿಮ್ಮ ಪೇಪರ್ ಲೈನಲ್ಲೇ ಎಷ್ಟು ರನ್ ಇದೆ ನೋಡಿ. ಒಂದು ರಾತ್ರಿಗೆ ಎಷ್ಟು ಪ್ರತಿ ಅಚ್ಚಾಗುತ್ತೆ ಅನ್ನೋದು ಪ್ರಿಂಟ್ ರನ್. ಜಾಹೀರಾತು ಯಾವ ಪುಟದಲ್ಲಾದ್ರೂ ಹಾಕ್ಕೊಳಿ ಅಂತ ನಿಮಗೇ ಬಿಟ್ಟುಕೊಟ್ರೆ ರನ್ ಆಫ್ ಪೇಪರ್. ಸುದ್ದಿ ಪ್ರಕಟ ಆದ್ರೆ ಅದು ರನ್ ಆಯ್ತು. ಇದನ್ನೆಲ್ಲ ದಿನಾ ಬಾಯಲ್ಲಿ ಹೇಳೋ ಮಂದಿ 'ಪತ್ರಿಕೆ ಕಥೆಯನ್ನು ಓಡಿಸಿದೆ' ಅಂತ ಹೆಂಗೆ ಬರೆದ್ರು ಅನ್ನೋದೇ ನನಗೆ ಆಶ್ಚರ್ಯ. ಯಂತ್ರದ ಕೈಲಿ ಅನುವಾದ ಮಾಡಿಸಿ ಹಂಗೇ ಪೇಸ್ಟ್ ಮಾಡಿದ್ದಾರೆ ಅಂತ ನನ್ನ ಅನುಮಾನ. ಮಾಡ್ಲಿ ಸಾರ್, ನಾವೂ ಮಾಡ್ತೀವಿ, ಟೈಮ್ ಎಲ್ಲಿದೆ. ಆದ್ರೆ ಪೇಸ್ಟ್ ಮಾಡಿದ್ಮೇಲೆ ಇಂಗ್ಲಿಷ್ ಕಾಪಿ ಮುಚ್ಚಿಟ್ಟು ಕನ್ನಡ ಒಂದನ್ನೇ ಒಂದ್ಸಲ ಜೋರಾಗಿ ಓದ್ಸಿ. ಕಣ್ಣಿಗೆ ಸಿಗದೇ ಇರೋದು ಕಿವಿಗೆ ಸಿಗುತ್ತೆ. ಜ್ವರ ಬಂದ್ರೆ ಇಂಗ್ಲಿಷಲ್ಲಿ ಟೆಂಪರೇಚರ್ ರನ್ ಮಾಡೋದು ಅಂತಾರಲ್ಲ, ಅದನ್ನ 'ಮಗು ತಾಪಮಾನ ಓಡಿಸುತ್ತಿದೆ' ಅಂತ ಬಾಯಿ ಬಿಟ್ಟು ಓದಿದ ಯಾವನೂ ಅದನ್ನ ಪುಟಕ್ಕೆ ಬಿಡಲ್ಲ, ಮಗೂಗೆ ಜ್ವರ ಬಂದಿದೆ ಅಂತಾನೆ.

ಇನ್ನೊಂದು ವಿಷಯ, ಇದು ಸ್ವಲ್ಪ ಅರ್ಜೆಂಟು. ನಿಮ್ಮ ಸುದ್ದೀಲಿ ಬಂದ ಆ ದೇಶದಲ್ಲಿ ಮೊದಲ ಸುತ್ತಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಮತ ಬರದೇ ಇದ್ರೆ ಮೇಲಿನ ಇಬ್ಬರ ಮಧ್ಯೆ ಮತ್ತೆ ಚುನಾವಣೆ ಅಂತ ನೀವೇ ಕೆಳಗೆ ಬಾಕ್ಸಲ್ಲಿ ಹಾಕಿದ್ದೀರಿ. ಅದಕ್ಕೆ ಇಂಗ್ಲಿಷಲ್ಲಿ 'ರನ್ ಆಫ್' ಅಂತಾರೆ. ಅದೇ ರನ್ ಆಫ್ ಅಂದ್ರೆ ಮಳೆ ನೀರು ಹರಿದು ಹೋಗೋದೂ ಹೌದು, ಯಾರ ಜೊತೆಗೋ ಹೇಳದೇ ಕೇಳದೇ ಓಡಿಹೋಗೋದೂ ಹೌದು. ಫಲಿತಾಂಶ ಭಾನುವಾರ ರಾತ್ರಿ ಬರುತ್ತಂತೆ, ಡೆಸ್ಕಲ್ಲಿ ಆವತ್ತು ಯಾರಿರ್ತಾರೋ ಅವರಿಗೆ ಒಂದು ಮಾತು ಹೇಳಿಡಿ, 'ಎರಡನೇ ಸುತ್ತಿನ ಮತದಾನ' ಅಂತ ಹಾಕೋಕೆ. ಸೋಮವಾರ ಬೆಳಿಗ್ಗೆ ಪೇಪರ್ ಬಿಡಿಸಿದ್ರೆ ಆಯಮ್ಮ ಎದುರಾಳಿ ಜೊತೆ ಓಡಿಹೋದ್ರು ಅಂತ ಇರಬಾರದು.

ಇತಿ,
ನಿಮ್ಮ ದಿನದ ಓದುಗ